ಬಲತೋಳಿಗೆ ಅರ್ಧ ಇಂಚು ಜಾಸ್ತಿ

"ಕೈ ಮೇಲೆತ್ತಿ ಅಮ್ಮಾ... ಇನ್ನೂ ಸ್ವಲ್ಪ... ತಲೆ ಮೇಲಕ್ಕೆ ಬರಬೇಕು."

ರೇಡಿಯೇಷನ್ ವಿಭಾಗದ ಟೆಕ್ನಿಷಿಯನ್ ಮೂರನೇ ಸಲ ಹೇಳ್ತಿದ್ದ. ಬಾಗಿಲಾಚೆ ನಿಂತಿದ್ದ ನನಗೆ ಅವನ ದನಿ ಕೇಳಿಸ್ತಿತ್ತು. ಅಮ್ಮನ ದನಿ ಕೇಳಿಸ್ತಿರಲಿಲ್ಲ. ಹತ್ತು ನಿಮಿಷ ಆದ ಮೇಲೆ ಅವನೇ ಹೊರಗೆ ಬಂದ. "ಸರ್, ಅಮ್ಮಂಗೆ ಕೈ ಭುಜದಿಂದ ಮೇಲಕ್ಕೆ ಹೋಗ್ತಾನೇ ಇಲ್ಲ. ಈ ಪೊಸಿಷನ್‌ನಲ್ಲಿ ಮಲಗಿಸೋಕಾಗದೆ ಪ್ಲಾನಿಂಗ್ ಸ್ಕ್ಯಾನ್ ಮಾಡೋಕಾಗಲ್ಲ. ಡಾಕ್ಟ್ರನ್ನ ನೋಡಿ" ಅಂದ.

ನನಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಆರು ತಿಂಗಳು ಕೀಮೋ ಮುಗಿಸಿದ್ದೆವು. ಆಪರೇಷನ್ ಮುಗಿದಿತ್ತು. ಗಾಯ ಒಣಗಿತ್ತು. ಇನ್ನು ರೇಡಿಯೇಷನ್ ಒಂದು ಆದರೆ ದೊಡ್ಡದೆಲ್ಲ ಮುಗೀತು ಅಂತ ಅಪ್ಪನಿಗೆ ಬೆಳಿಗ್ಗೆ ತಾನೇ ಫೋನಲ್ಲಿ ಹೇಳಿದ್ದೆ. ಈಗ ನೋಡಿದರೆ, ಕ್ಯಾನ್ಸರ್ ಅಲ್ಲ, ಒಂದು ಭುಜ ನಮ್ಮನ್ನು ಬಾಗಿಲಲ್ಲಿ ನಿಲ್ಲಿಸಿತ್ತು.

ಡಾಕ್ಟರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. "ಆಪರೇಷನ್ ಆದಮೇಲೆ ಎಕ್ಸರ್‌ಸೈಸ್ ಮಾಡಿಸಿಲ್ವಾ?" ಅಂತ ಕೇಳಿದರು. ನಾನು ಡಿಸ್ಚಾರ್ಜ್ ಹಾಳೆ ತೆಗೆದು ನೋಡಿದೆ. ಮಾತ್ರೆಗಳ ಪಟ್ಟಿಯ ಕೆಳಗೆ, ಕೊನೆಯಲ್ಲಿ ಒಂದು ಸಾಲು ಇತ್ತು. 'ಭುಜದ ವ್ಯಾಯಾಮ ಮುಂದುವರಿಸಿ.' ಮುಂದುವರಿಸಿ ಅಂತೆ. ಯಾರೂ ಶುರುವೇ ಮಾಡಿಸಿರಲಿಲ್ಲ. ನಾನೂ ಕೇಳಿರಲಿಲ್ಲ.

"ಎರಡು ವಾರ ಟೈಮ್ ಕೊಡ್ತೀನಿ. ಇವತ್ತೇ ಫಿಸಿಯೋ ನೋಡಿ" ಅಂದರು ಡಾಕ್ಟರ್.

ನಾನೇ ಕಟ್ಟಿಹಾಕಿದ್ದೆ

ನಮ್ಮೂರು ತಿಪಟೂರಿನ ಹತ್ತಿರ. ಅಪ್ಪ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯೋರು. ಅಮ್ಮ ಟೈಲರ್. ಹಾಗಂತ ಬೋರ್ಡ್ ಏನಿಲ್ಲ, ಪಡಸಾಲೆಯ ಕಿಟಕಿ ಪಕ್ಕ ಒಂದು ಹಳೇ ಮಷೀನು, ಕೊರಳಲ್ಲಿ ಸದಾ ಒಂದು ಹಳದಿ ಟೇಪು. ಊರಿನ ಅರ್ಧ ಹೆಂಗಸರ ರವಿಕೆ ಅಳತೆ ಅವಳಿಗೆ ಬಾಯಿಪಾಠ. ನನ್ನ ಇಂಜಿನಿಯರಿಂಗ್ ಫೀಸಿನಲ್ಲಿ ಎಷ್ಟು ಭಾಗ ಕೊಬ್ಬರಿ, ಎಷ್ಟು ಭಾಗ ರವಿಕೆ ಅಂತ ನಾವು ಯಾವತ್ತೂ ಲೆಕ್ಕ ಹಾಕಿಲ್ಲ.

ಹಿಂದಿನ ವರ್ಷ ಯುಗಾದಿ ಹೊತ್ತಿಗೆ ಬಲ ಸ್ತನದಲ್ಲಿ ಗಂಟು ಅಂತ ಗೊತ್ತಾಯ್ತು. ಚಿಕಿತ್ಸೆಗೆ ಬೆಂಗಳೂರಿಗೆ ಕರಕೊಂಡು ಬಂದೆ. ನನ್ನದು ವಿಜಯನಗರದ ಹತ್ತಿರ ಒಂದು ಬೆಡ್‌ರೂಮಿನ ಬಾಡಿಗೆ ಮನೆ. ಬೆಡ್‌ರೂಮ್ ಅಮ್ಮನದಾಯ್ತು, ಹಾಲ್ ನನ್ನ ಆಫೀಸೂ ಆಯ್ತು, ಮಲಗುವ ಜಾಗವೂ ಆಯ್ತು. ನಾನು ಒಬ್ಬನೇ ಮಗ. "ಒಂದು ಹೆಣ್ಣುಮಗು ಇದ್ದಿದ್ರೆ ಚೆನ್ನಾಗಿತ್ತು" ಅಂತ ನೋಡೋಕೆ ಬಂದವರೆಲ್ಲ ಹೇಳೋರು. ನನಗೆ ಹಟ ಬಂತು. ಯಾವ ಹೆಣ್ಣುಮಗಳಿಗೂ ಕಮ್ಮಿ ಇಲ್ಲದಂತೆ ನೋಡ್ಕೋತೀನಿ ಅಂದ್ಕೊಂಡೆ.

ನೋಡ್ಕೊಂಡೆ ಕೂಡ. ಆಪರೇಷನ್‌ನಲ್ಲಿ ಸ್ತನದ ಜೊತೆ ಕಂಕುಳಿನ ದುಗ್ಧಗ್ರಂಥಿಗಳನ್ನೂ ತೆಗೆದರು. ಮನೆಗೆ ಬಂದಾಗ ಎರಡು ಡ್ರೈನ್ ಟ್ಯೂಬ್ ಇತ್ತು, ಬಟ್ಟೆ ಚೀಲದಲ್ಲಿ ಹಾಕಿ ಕೊರಳಿಗೆ ನೇತುಹಾಕಿದ್ದೆ. ಅಮ್ಮ ಲೋಟ ಎತ್ತೋಕೆ ಹೋದರೆ ಓಡಿ ಹೋಗಿ ಹಿಡೀತಿದ್ದೆ. ಅನ್ನ ಕಲಸಿ ತಿನ್ನಿಸ್ತಿದ್ದೆ. ತಲೆ ಬಾಚೋಕೆ ಕೂದಲಿರಲಿಲ್ಲ, ಇದ್ದಿದ್ದರೆ ಅದನ್ನೂ ಮಾಡ್ತಿದ್ದೆ. "ಕೈ ಎತ್ತಬೇಡ, ಹೊಲಿಗೆ ಬಿಚ್ಚುತ್ತೆ" ಅಂತ ಊರಿಂದ ಬಂದ ಅತ್ತೆ ಹೇಳಿದ್ದು ನನಗೆ ವೇದವಾಕ್ಯ. ಅಮ್ಮನೂ ಸೆರಗನ್ನು ಬಲಭುಜದ ಮೇಲೆ ಎಳ್ಕೊಂಡು, ಕೈಯನ್ನು ಹೊಟ್ಟೆಗೆ ಒತ್ತಿಹಿಡಿದು, ಸ್ವಲ್ಪ ಮುಂದಕ್ಕೆ ಬಾಗಿ ಕೂರೋಳು. ನೋವಿಗೆ ಹಾಗೆ ಕೂರ್ತಾಳೆ ಅಂದ್ಕೊಂಡಿದ್ದೆ. ಅದು ನೋವಷ್ಟೇ ಅಲ್ಲ, ಎದೆಯ ಆ ಖಾಲಿ ಜಾಗವನ್ನು ಮುಚ್ಚಿಕೊಳ್ಳೋ ಪ್ರಯತ್ನ ಅಂತ ನನಗೆ ಹೊಳೆದದ್ದು ಬಹಳ ತಡವಾಗಿ.

ಫಿಸಿಯೋ ಮೇಡಂಗೆ ನನ್ನಷ್ಟೇ ವಯಸ್ಸಿರಬಹುದು. ಅಮ್ಮನನ್ನು ಕೂರಿಸಿ ಮೊದಲು ಕೇಳಿದ್ದು ನೋವಿನ ಬಗ್ಗೆ ಅಲ್ಲ.

"ಊಟ ಯಾರು ಮಾಡಿಸ್ತಾರೆ?"

"ನಾನೇ ಮೇಡಂ" ಅಂದೆ, ಸ್ವಲ್ಪ ಹೆಮ್ಮೆಯಿಂದಲೇ.

"ಯಾಕೆ? ಅವರ ಕೈಗೆ ಏನಾಗಿದೆ?"

ಉತ್ತರ ಗೊತ್ತಾಗಲಿಲ್ಲ. ಆಪರೇಷನ್ ಆದ ಮರುದಿನದಿಂದಲೇ ಮುಷ್ಟಿ ಬಿಗಿಹಿಡಿದು ಬಿಡೋದು, ಮೊಣಕೈ ಮಡಚಿ ಚಾಚೋದು, ಭುಜ ಮೇಲೆ ಕೆಳಗೆ ಮಾಡೋದು ಶುರು ಮಾಡಬಹುದಿತ್ತಂತೆ. ಡ್ರೈನ್ ಇರೋವಾಗ ಸಾಮಾನ್ಯವಾಗಿ ಕೈಯನ್ನು ಭುಜದ ಮಟ್ಟಕ್ಕಿಂತ ಮೇಲೆ ಎತ್ತಿಸಲ್ಲ. ಆದರೆ ಆ ಮಟ್ಟದೊಳಗೆ ತುಂಬಾ ಕೆಲಸ ಇರುತ್ತೆ. ಊಟ ಮಾಡೋದು, ಮುಖ ತೊಳೆಯೋದು, ಬಟ್ಟೆ ಮಡಚೋದು ಎಲ್ಲವೂ ವ್ಯಾಯಾಮವೇ. ಡ್ರೈನ್ ತೆಗೆದ ಮೇಲೆ, ಸರ್ಜನ್ ಒಪ್ಪಿಗೆ ಪಡೆದು ದಿನದಿನಕ್ಕೂ ಮೇಲಕ್ಕೆ ಹೋಗಬೇಕು. ನಾನು ಪ್ರೀತಿಯಿಂದ ಮಾಡಿದ್ದು ಏನಂದ್ರೆ, ಐದು ವಾರ ಅಮ್ಮನ ಭುಜವನ್ನು ಕಟ್ಟಿಹಾಕಿದ್ದು.

ಗೋಡೆ ಮೇಲಿನ ಪೆನ್ಸಿಲ್ ಗೆರೆಗಳು

ಮೇಡಂ ಒಂದು ಪಾರದರ್ಶಕ ಪ್ಲಾಸ್ಟಿಕ್ ಕೋನಮಾಪಕ ಇಟ್ಟು ಅಳೆದರು. ಶಾಲೆಯ ಜ್ಯಾಮಿಟ್ರಿ ಬಾಕ್ಸಿನಲ್ಲಿ ಇರ್ತಿತ್ತಲ್ಲ, ಅದರ ಅಣ್ಣನ ಥರ. ಪಕ್ಕಕ್ಕೆ ಎತ್ತಿದರೆ 70 ಡಿಗ್ರಿ. ಆರೋಗ್ಯವಂತರ ಕೈ ಹೆಚ್ಚುಕಮ್ಮಿ 180ರವರೆಗೆ ಹೋಗುತ್ತೆ. ಆಮೇಲೆ ಕಂಕುಳು ಮುಟ್ಟಿ ನೋಡಿ, "ಇದು ಯಾವಾಗಿಂದ ಇದೆ ಅಮ್ಮಾ?" ಅಂದರು.

ಕಂಕುಳಿಂದ ಮೊಣಕೈವರೆಗೆ ಚರ್ಮದ ಕೆಳಗೆ ದಾರ ಎಳೆದಂತೆ ಬಿಗಿಯಾದ ಎರಡು ತಂತಿಗಳು. ಕೈ ಚಾಚಿದರೆ ಎದ್ದು ಕಾಣ್ತಿದ್ದವು. ಕಂಕುಳಿನ ಗ್ರಂಥಿ ತೆಗೆದವರಲ್ಲಿ ಹೀಗಾಗೋದು ಅಪರೂಪವಲ್ಲವಂತೆ. ಇದಕ್ಕೆ ಕಾರ್ಡಿಂಗ್ ಅಂತಾರೆ. ನಿಧಾನವಾಗಿ ಎಳೆತದ ವ್ಯಾಯಾಮ ಮಾಡಿದರೆ ಬಹುತೇಕ ಸಡಿಲವಾಗುತ್ತೆ.

"ಮೂರು ವಾರ ಆಯ್ತು" ಅಂದ್ಲು ಅಮ್ಮ, ನೆಲ ನೋಡ್ತಾ. "ಅವನಿಗೆ ಹೇಗೆ ತೋರ್ಸೋದು ಮೇಡಂ. ಮಗ."

ನಾನು ಹೊರಗೆ ಹೋಗಿ ಕೂತೆ.

ಆ ವೇಟಿಂಗ್ ಹಾಲಿನಲ್ಲಿ ನನಗೆ ಗೊತ್ತಿಲ್ಲದ ಒಂದು ಲೋಕವೇ ಇತ್ತು. ಬಾಯಿ ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ ಒಬ್ಬರು ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟುಕೊಂಡಿದ್ದರು. ಬಾಯಿ ತೆರೆಯೋಕೆ ಆಗದಂತೆ ದವಡೆ ಬಿಗಿಯಾಗುತ್ತೆ, ದಿನಾ ಒಂದೊಂದು ಕಡ್ಡಿ ಜಾಸ್ತಿ ಮಾಡೋದು. "ನಿನ್ನೆ ಹನ್ನೊಂದು, ಇವತ್ತು ಹನ್ನೆರಡು" ಅಂತ ಬೆರಳಲ್ಲೇ ತೋರಿಸಿದರು. ಕುತ್ತಿಗೆ ಆಪರೇಷನ್ ಆಗಿ ಒಂದು ಭುಜ ಜೋತುಬಿದ್ದ ಹುಡುಗ ಒಬ್ಬ ರಬ್ಬರ್ ಬ್ಯಾಂಡ್ ಎಳೀತಿದ್ದ. ಒಬ್ಬ ಅಜ್ಜ ಮೂರು ಚೆಂಡಿನ ಉಸಿರಾಟದ ಆಟಿಕೆ ಹಿಡಿದು ಮೂರನೇ ಚೆಂಡು ಏರಿದಾಗೆಲ್ಲ ಸುತ್ತ ನೋಡೋರು, ಯಾರಾದ್ರೂ ಗಮನಿಸಿದ್ರಾ ಅಂತ. ಕ್ಯಾನ್ಸರ್ ಅಂದ್ರೆ ಸ್ಕ್ಯಾನು, ಕೀಮೋ, ಆಪರೇಷನ್ನು ಅಷ್ಟೇ ಅಂದ್ಕೊಂಡಿದ್ದೆ. ಜೀವ ಉಳಿಸೋದು ಒಂದು ಕೆಲಸ, ಉಳಿದ ಜೀವಕ್ಕೆ ಅನ್ನ ತಿನ್ನೋಕೆ, ಕೈ ಎತ್ತೋಕೆ, ಉಸಿರಾಡೋಕೆ ಮತ್ತೆ ಕಲಿಸೋದು ಇನ್ನೊಂದು ಕೆಲಸ.

ಮೇಡಂ ಕೊಟ್ಟ ಮನೆಪಾಠ ಸರಳ. ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಇರುವೆ ಹತ್ತೋ ಥರ ಮೇಲಕ್ಕೆ ಹತ್ತಿಸೋದು, ಆಮೇಲೆ ಪಕ್ಕಕ್ಕೆ ನಿಂತು ಅದೇ. ಮಲಗಿ, ಎರಡೂ ಕೈಯಲ್ಲಿ ಒಂದು ಕೋಲು ಹಿಡಿದು ಎಡಗೈ ಸಹಾಯದಿಂದ ಬಲಗೈಯನ್ನು ತಲೆ ಮೇಲಕ್ಕೆ ಒಯ್ಯೋದು. ಭುಜಗಳನ್ನು ಹಿಂದಕ್ಕೆ ಎಳೆದು ನೆಟ್ಟಗೆ ಕೂತು ದೀರ್ಘ ಉಸಿರಾಟ. ದಿನಕ್ಕೆ ಮೂರು ಸಲ. "ಎಳೆತ ಇರಲಿ, ಅದು ಬೇಕು. ಚುಚ್ಚೋ ನೋವು ಬಂದ್ರೆ ನಿಲ್ಸಿ" ಅಂದರು. ಒಂದು ಸಿಟ್ಟಿಂಗ್‌ಗೆ 600 ರೂಪಾಯಿ. ನಮ್ಮ ಕಂಪನಿ ಇನ್ಶೂರೆನ್ಸ್‌ನಲ್ಲಿ ಅಡ್ಮಿಟ್ ಆಗದೆ ಮಾಡಿಸಿದ ಫಿಸಿಯೋಗೆ ದುಡ್ಡು ಬರಲಿಲ್ಲ. ವಾರಕ್ಕೆ ಮೂರು ದಿನ ಅವರ ಹತ್ತಿರ, ಉಳಿದದ್ದು ಮನೆಯಲ್ಲಿ ಅಂತ ಮಾಡಿಕೊಂಡೆವು.

ಹಾಲಿನ ಗೋಡೆಯೇ ನಮ್ಮ ಜಿಮ್. ಅಮ್ಮನ ಬೆರಳು ಮುಟ್ಟಿದ ಕಡೆ ಪೆನ್ಸಿಲಲ್ಲಿ ಗೆರೆ ಎಳೆದು ತಾರೀಖು ಬರೆದೆ. ಊರಿನ ಮನೆ ಬಾಗಿಲ ಚೌಕಟ್ಟಿನಲ್ಲಿ ನನ್ನ ಎತ್ತರಕ್ಕೆ ಅಮ್ಮ ಹೀಗೇ ಗೆರೆ ಎಳೀತಿದ್ದಳು. ಮೊದಲ ಗೆರೆ ಅವಳ ಗಲ್ಲದ ಮಟ್ಟಕ್ಕಿತ್ತು. ಎರಡನೇ ದಿನ ಗೆರೆ ಮೇಲೆ ಹೋಗಲಿಲ್ಲ. ಮೂರನೇ ದಿನವೂ ಇಲ್ಲ. ನಾನು ಮೀಟಿಂಗ್‌ನಲ್ಲಿ ಮ್ಯೂಟ್ ಒತ್ತಿ, "ಅಮ್ಮಾ, ಇನ್ನು ಸ್ವಲ್ಪ" ಅಂತ ಪಿಸುಗುಟ್ಟುತ್ತಿದ್ದೆ. ನಾಲ್ಕನೇ ದಿನ ಅವಳು ಗೋಡೆಗೆ ಹಣೆ ಆನಿಸಿ ನಿಂತುಬಿಟ್ಟಳು.

"ಆಗಲ್ಲ ಕಣೋ. ಬಿಟ್ಬಿಡು. ಇಷ್ಟು ದಿನ ಬದುಕಿದ್ದೇ ಸಾಕು."

ಕೀಮೋದ ಎಂಟು ಸುತ್ತಿನಲ್ಲಿ ಒಮ್ಮೆಯೂ ಆ ಮಾತು ಆಡಿರಲಿಲ್ಲ. ನನಗೆ ಸಿಟ್ಟು ಬಂತು. ಏನೇನೋ ಅಂದೆ. ರಜೆ ಎಷ್ಟು ಹಾಕಿದೀನಿ ಗೊತ್ತಾ, ಡಾಕ್ಟರು ಎರಡೇ ವಾರ ಕೊಟ್ಟಿರೋದು ಗೊತ್ತಾ ಅಂತೆಲ್ಲ. ಅವಳು ಸುಮ್ಮನೆ ರೂಮಿಗೆ ಹೋದಳು. ಆ ಮಾತುಗಳನ್ನು ವಾಪಸ್ ತಗೊಳ್ಳೋ ಅವಕಾಶ ಇದ್ದಿದ್ದರೆ ತಗೋತಿದ್ದೆ.

ಮರುದಿನ ಮೇಡಂಗೆ ಹೇಳಿದೆ. ಅವರು ಅಮ್ಮನ ಎದುರು ಸ್ಟೂಲ್ ಎಳ್ಕೊಂಡು ಕೂತರು. "ಅಮ್ಮಾ, ರೇಡಿಯೇಷನ್ ಮರೆತುಬಿಡಿ. ಈ ಕೈಯಲ್ಲಿ ನಿಮಗೆ ಏನು ಮಾಡಬೇಕು ಅನ್ಸುತ್ತೆ?"

ಅಮ್ಮ ಬಹಳ ಹೊತ್ತು ಯೋಚಿಸಿದಳು. "ಒಂದು ರವಿಕೆ ಹೊಲೀಬೇಕು. ನಂದೇ. ಇರೋ ಯಾವುದೂ ಸರಿಯಾಗ್ತಿಲ್ಲ."

ಅದನ್ನು ನಾನು ಅಲ್ಲಿವರೆಗೆ ಕೇಳಿರಲೇ ಇಲ್ಲ.

ಸೂಜಿ, ಬೆರಳು, ಪಾದ

ಹೊಲಿಗೆಗೆ ಇನ್ನೊಂದು ಅಡ್ಡಿ ಇತ್ತು. ಕೀಮೋದ ಕೊನೆಯ ಸುತ್ತುಗಳಲ್ಲಿ ಕೊಟ್ಟ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಔಷಧಿ ನರಗಳ ತುದಿಗೆ ಏಟು ಕೊಡಬಹುದು. ಅಮ್ಮನ ಬೆರಳ ತುದಿ, ಅಂಗಾಲು ಜೋಮು ಹಿಡಿದಂತೆ ಇರ್ತಿತ್ತು. ಚಪ್ಪಲಿ ಕಾಲಿಂದ ಜಾರಿ ಹೋದರೂ ಗೊತ್ತಾಗದೆ ಒಂದೇ ಚಪ್ಪಲಿಯಲ್ಲಿ ನಡೆದು ಬಂದಿದ್ದಳು ಒಂದ್ಸಲ. ನಾವಿಬ್ಬರೂ ನಕ್ಕಿದ್ದೆವು. ಮೇಡಂ ನಗಲಿಲ್ಲ. ಹೀಗಿರೋರು ಬೀಳೋ ಸಾಧ್ಯತೆ ಜಾಸ್ತಿ ಅಂದರು. ಮನೆಯೊಳಗೂ ಹಿಂದೆ ಪಟ್ಟಿ ಇರೋ ಚಪ್ಪಲಿ, ರಾತ್ರಿ ಬಾತ್‌ರೂಮ್ ದಾರಿಗೆ ಸಣ್ಣ ಲೈಟು, ದಿನಾ ಪಾದ ನೋಡಿಕೊಳ್ಳೋದು, ಅಡುಗೆ ಕಟ್ಟೆ ಹಿಡಿದು ಒಂದು ಕಾಲಲ್ಲಿ ನಿಲ್ಲೋದು. ಬೆರಳಿಗೆ ಗುಂಡಿ ಹೆಕ್ಕೋ ಆಟ. ಅಮ್ಮನ ಗುಂಡಿ ಡಬ್ಬಿಯನ್ನು ಅಪ್ಪ ಬಸ್ಸಿನಲ್ಲಿ ಬರೋರ ಕೈಲಿ ಕಳಿಸಿದರು. ಜೊತೆಗೆ ಹಳದಿ ಟೇಪನ್ನೂ.

ಸುಸ್ತಿನ ಬಗ್ಗೆಯೂ ನನ್ನ ಲೆಕ್ಕ ತಪ್ಪಿತ್ತು. ಸುಸ್ತು ಅಂದ್ರೆ ಮಲಗಬೇಕು ತಾನೇ? ಕ್ಯಾನ್ಸರ್ ಚಿಕಿತ್ಸೆಯ ಸುಸ್ತು ಎಷ್ಟು ಮಲಗಿದರೂ ಹೋಗಲ್ಲ, ಮಲಗಿದಷ್ಟೂ ಸ್ನಾಯು ಕರಗಿ ಇನ್ನೂ ಜಾಸ್ತಿಯಾಗುತ್ತೆ. 2019ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಹೊರತಂದ ಮಾರ್ಗಸೂಚಿ ಈ ಸುಸ್ತಿಗೆ ಹೇಳೋದು ವಾರಕ್ಕೆ ಮೂರು ದಿನ, 30 ನಿಮಿಷ, ಸ್ವಲ್ಪ ಉಸಿರು ಏರೋ ಥರ ನಡೆಯೋದನ್ನು. ಅಮ್ಮನಿಗೆ ಮೊದಲು ಐದು ನಿಮಿಷ. ಓಣಿ ತುದಿಯ ಎಳನೀರಿನವನವರೆಗೆ. ತಿಪಟೂರು ಸೀಮೆಯವಳಾಗಿ ಆ ರೇಟಿಗೆ ಎಳನೀರು ಕೊಳ್ಳೋದಾ ಅಂತ ದಿನಾ ಅವನ ಜೊತೆ ಜಗಳ. ಆ ಜಗಳಕ್ಕಾಗಿಯೇ ನಡೀತಿದ್ದಳೇನೋ.

ಒಂಬತ್ತನೇ ದಿನ ಗೆರೆ ಹಣೆಯ ಮಟ್ಟಕ್ಕೆ ಬಂತು. ಮೇಡಂ ಕೈಕೆಳಗೆ ಒಂದು ತಂತಿ ಸಡಿಲವಾದದ್ದು ಅಮ್ಮನಿಗೇ ಗೊತ್ತಾಯ್ತಂತೆ. ಹದಿಮೂರನೇ ದಿನ ತಲೆಗಿಂತ ಒಂದು ಗೇಣು ಮೇಲೆ. ಎರಡು ವಾರಕ್ಕೆ ಸರಿಯಾಗಿ ಮತ್ತೆ ಅದೇ ಬಾಗಿಲು, ಅದೇ ಟೆಕ್ನಿಷಿಯನ್. ನಾನು ಹೊರಗೆ ನಿಂತು ಗಡಿಯಾರ ನೋಡ್ತಿದ್ದೆ. ಸ್ಕ್ಯಾನ್ ಮುಗಿಸಿ ಬಂದ ಅಮ್ಮ ಹೇಳಿದ್ದು ಒಂದೇ ಮಾತು. "ಕೈ ನಡುಗ್ತಿತ್ತು. ಇಳಿಸಲಿಲ್ಲ."

15 ಸಿಟ್ಟಿಂಗ್ ರೇಡಿಯೇಷನ್ ಸಂಕ್ರಾಂತಿಗೆ ಮುಂಚೆ ಮುಗೀತು. ರೇಡಿಯೇಷನ್ ಆದ ಮೇಲೂ ತಿಂಗಳುಗಟ್ಟಲೆ ಆ ಭಾಗ ಬಿಗಿಯಾಗ್ತಾ ಹೋಗುತ್ತೆ, ಗೋಡೆ ಬಿಡಬೇಡಿ ಅಂತ ಮೇಡಂ ಹತ್ತು ಸಲ ಹೇಳಿ ಕಳಿಸಿದರು. ಅಮ್ಮ ಊರಿಗೆ ಹೋದಳು.

ಬಿಚ್ಚಿದ ಹೊಲಿಗೆ

ಕಥೆ ಇಲ್ಲಿಗೆ ಮುಗಿದಿದ್ದರೆ ಬರೆಯೋಕೆ ಸುಲಭವಿತ್ತು.

ಯುಗಾದಿಗೆ ಊರಿಗೆ ಹೋದೆ. ಹಬ್ಬದ ಹಿಂದಿನ ದಿನ ಮಳೆ ಬರೋ ಥರ ಆಯ್ತು ಅಂತ ಒಣಹಾಕಿದ್ದ ಬಟ್ಟೆ ತೆಗೆಯೋಕೆ ಹಿತ್ತಲಿಗೆ ಹೋದೆ. ಅಮ್ಮನ ಒಂದು ರವಿಕೆ ಕೈಗೆ ಬಂತು. ಬಲತೋಳಿನ ಒಳಹೊಲಿಗೆ ಬಿಚ್ಚಿ, ಮತ್ತೆ ಅಂಚಿಗೆ ಹೊಲಿದಿತ್ತು. ಎಡತೋಳು ಹಾಗೇ ಇತ್ತು. ಇನ್ನೊಂದು ನೋಡಿದೆ. ಅದೂ ಹಾಗೇ. ನಾಲ್ಕು ರವಿಕೆ, ನಾಲ್ಕರಲ್ಲೂ ಬಲತೋಳು ಮಾತ್ರ ಸಡಿಲ.

ಟೈಲರ್ ಮಗ ನಾನು. ಒಂದೇ ತೋಳು ಯಾಕೆ ಸಡಿಲ ಮಾಡ್ತಾರೆ ಅಂತ ಗೊತ್ತಾಗದಷ್ಟು ದಡ್ಡನಲ್ಲ.

"ಎಷ್ಟು ದಿನ ಆಯ್ತಮ್ಮ?"

"ಏನು?"

ರವಿಕೆ ತೋರಿಸಿದೆ. ಅವಳು ಒಲೆ ಕಡೆ ತಿರುಗಿದಳು. "ಒಂದು ತಿಂಗಳು. ದಪ್ಪ ಆಗಿದೀನಿ ಅಂದ್ಕೊಂಡೆ."

"ಒಂದೇ ಕೈಯಲ್ಲಾ?"

ಉತ್ತರವಿಲ್ಲ. ಆಮೇಲೆ, ಮೆಲ್ಲಗೆ, "ಮತ್ತೆ ಶುರುವಾಯ್ತು ಅಂತ ಹೇಳಿಬಿಟ್ರೆ ಅಂತ ಭಯ ಕಣೋ. ನೀನು ಈಗ ತಾನೇ ಸರಿಯಾಗಿ ಆಫೀಸಿಗೆ ಹೋಗ್ತಿದೀಯ."

ಅತ್ತೆಯ ಸಲಹೆಯಂತೆ ಹರಳೆಣ್ಣೆ ಹಚ್ಚಿ ಜೋರಾಗಿ ತಿಕ್ಕಿಸಿಕೊಂಡೂ ಇದ್ದಳು.

ಹಬ್ಬ ಮುಗಿದ ಮರುದಿನವೇ ರೈಲು ಹತ್ತಿಸಿದೆ. ಡಾಕ್ಟರ್ ಪರೀಕ್ಷೆ ಮಾಡಿ, ಸ್ಕ್ಯಾನ್ ಮಾಡಿಸಿ, ಕಾಯಿಲೆ ಮರಳಿಲ್ಲ ಅಂದರು. ಅದು ಲಿಂಫೆಡಿಮಾ. ಕಂಕುಳಿನ ಗ್ರಂಥಿ ತೆಗೆದದ್ದರಿಂದ, ಮೇಲೆ ರೇಡಿಯೇಷನ್ ಆದದ್ದರಿಂದ, ಕೈಯಿಂದ ವಾಪಸ್ ಹೋಗಬೇಕಾದ ದುಗ್ಧರಸದ ದಾರಿ ಕಿರಿದಾಗಿರುತ್ತೆ. ರಸ ಅಲ್ಲೇ ನಿಲ್ಲುತ್ತೆ. ಕೈ ಭಾರ, ಬಿಗಿತ, ಊತ. ಆಪರೇಷನ್ ಆದ ಕೆಲವು ತಿಂಗಳಿಗೂ ಬರಬಹುದು, ವರ್ಷಗಳ ಮೇಲೂ ಬರಬಹುದು. ಬೇಗ ಹಿಡಿದರೆ ಹದ್ದುಬಸ್ತಿನಲ್ಲಿ ಇಡಬಹುದು. ಬಿಟ್ಟರೆ ಗಟ್ಟಿಯಾಗುತ್ತಾ ಹೋಗುತ್ತೆ.

ಫಿಸಿಯೋ ಮೇಡಂ ಎರಡೂ ಕೈಗಳನ್ನು ಮಣಿಕಟ್ಟಿನಿಂದ ಮೇಲಕ್ಕೆ ಹಂತಹಂತವಾಗಿ ಟೇಪಿನಲ್ಲಿ ಅಳೆದರು. ಒಂದೇ ಜಾಗದಲ್ಲಿ ಎರಡು ಕೈಗೂ 2 ಸೆಂಟಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಎಚ್ಚರವಾಗಬೇಕು. ಅಮ್ಮನದು ಎರಡೂವರೆ ಇತ್ತು. "ನಿಮ್ಮ ಕೊರಳಲ್ಲೇ ಟೇಪ್ ಇತ್ತಲ್ಲ ಅಮ್ಮಾ" ಅಂದರು ಮೇಡಂ. ಅಮ್ಮ ತಲೆ ಬಗ್ಗಿಸಿದಳು. ಆವತ್ತು ನಾನೂ ತಲೆ ಬಗ್ಗಿಸಿದೆ. ಊರಿಗೆ ಹೋದಾಗಿನಿಂದ ದಿನಾ ಫೋನ್ ಮಾಡಿ "ಊಟ ಆಯ್ತಾ, ಮಾತ್ರೆ ಆಯ್ತಾ" ಅಂತ ಕೇಳ್ತಿದ್ದೆ. "ಕೈ ಹೇಗಿದೆ" ಅಂತ ಒಂದು ದಿನ ಕೇಳಿರಲಿಲ್ಲ.

ಮೂರು ವಾರ ಕೈಗೆ ಪದರ ಪದರವಾಗಿ ಬ್ಯಾಂಡೇಜ್ ಸುತ್ತಿದರು. ಮಸಾಜ್ ಇತ್ತು, ಆದರೆ ಅತ್ತೆಯ ಹರಳೆಣ್ಣೆ ಮಸಾಜ್ ಅಲ್ಲ. ನವಿಲುಗರಿ ಸವರಿದಷ್ಟು ಹಗುರ. ರಸ ಇರೋದು ಚರ್ಮದ ಕೆಳಗೇ, ಒತ್ತಿ ತಿಕ್ಕಿದರೆ ಕೆಡುಕೇ ಜಾಸ್ತಿ. ಆ ಮಸಾಜನ್ನು ನನಗೂ ಕಲಿಸಿದರು. ಅಮ್ಮ ಮೊದಲ ದಿನ ಮುಖ ಗೋಡೆ ಕಡೆ ತಿರುಗಿಸಿಕೊಂಡಳು. ನಾನು ಅವಳ ಕೈಯನ್ನು ನನ್ನ ತೊಡೆ ಮೇಲೆ ಇಟ್ಟುಕೊಂಡು ಸವರುತ್ತಾ ಕ್ರಿಕೆಟ್ ಸ್ಕೋರು, ಮ್ಯಾನೇಜರನ ಕಥೆ ಎಲ್ಲ ಹೇಳ್ತಿದ್ದೆ. ನಾಲ್ಕನೇ ದಿನ ಅವಳೇ, "ಇನ್ನು ಸ್ವಲ್ಪ ಮೇಲಿಂದ ಶುರು ಮಾಡು, ಅಲ್ಲಿ ಬಿಗಿ ಇದೆ" ಅಂದ್ಲು. ನಮ್ಮಿಬ್ಬರ ನಡುವೆ ಒಂದು ದೊಡ್ಡ ಗಂಟು ಬಿಚ್ಚಿದ್ದು ಆಗ.

ಬ್ಯಾಂಡೇಜ್ ಆದ ಮೇಲೆ ಒತ್ತಡದ ತೋಳುಚೀಲ. ಬೆಳಿಗ್ಗೆ ಹಾಕೋದು, ರಾತ್ರಿ ತೆಗೆಯೋದು. ಸೆಕೆಗೆ ಅಮ್ಮ ಅದನ್ನು ಬೈಯದ ದಿನವಿಲ್ಲ. ಆರು ತಿಂಗಳಿಗೊಮ್ಮೆ ಬಿಗಿ ಕಳಕೊಳ್ಳುತ್ತೆ, ಹೊಸದು ಬೇಕು. ಆ ಕೈಗೆ ಇಂಜೆಕ್ಷನ್ನು, ಬಿ.ಪಿ. ಪಟ್ಟಿ ಆದಷ್ಟು ಬೇಡ ಅಂದರು. ಬಿಗಿ ಬಳೆ ಬೇಡ. ಸೂಜಿ ಹಿಡಿಯುವಾಗ ಬೆರಳಿಗೆ ಅಂಗುಸ್ತಾನ. ಈಳಿಗೆ ಮಣೆ, ಬಿಸಿ ಕುಕ್ಕರ್ ಹತ್ತಿರ ಎಚ್ಚರ. ಸಣ್ಣ ಗಾಯವಾದರೂ ತೊಳೆದು ಔಷಧಿ ಹಚ್ಚಬೇಕು. ಕೈ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಅದೇ ದಿನ ಡಾಕ್ಟರ್ ಹತ್ತಿರ ಹೋಗಬೇಕು, ನಾಳೆ ನೋಡೋಣ ಅನ್ನೋ ಹಾಗಿಲ್ಲ.

"ಹಾಗಾದ್ರೆ ಈ ಕೈಯಲ್ಲಿ ಇನ್ನು ಏನೂ ಎತ್ತೋ ಹಾಗಿಲ್ವಾ?" ಅಂತ ಅಮ್ಮ ಕೇಳಿದಳು.

ಮೊದಲು ಡಾಕ್ಟರುಗಳೂ ಹಾಗೇ ಹೇಳ್ತಿದ್ದರಂತೆ. 1996ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಡಾನ್ ಮೆಕೆಂಜಿ ಎಂಬ ಕ್ರೀಡಾವೈದ್ಯರು ಸ್ತನ ಕ್ಯಾನ್ಸರ್ ಚಿಕಿತ್ಸೆ ಪಡೆದ 24 ಮಹಿಳೆಯರನ್ನು ಕಟ್ಟಿಕೊಂಡು ಡ್ರ್ಯಾಗನ್ ದೋಣಿ ಹುಟ್ಟು ಹಾಕಿಸಿದರು. ಕೈಗೆ ಅದಕ್ಕಿಂತ ಶ್ರಮದ ಕೆಲಸ ಉಂಟಾ? ಭಯಪಟ್ಟಂತೆ ಅವರ ಕೈಗಳು ಊದಿಕೊಳ್ಳಲಿಲ್ಲ. 2009ರಲ್ಲಿ ಕ್ಯಾಥರಿನ್ ಸ್ಮಿಟ್ಜ್ ಎಂಬ ಸಂಶೋಧಕಿಯ ತಂಡ ಲಿಂಫೆಡಿಮಾ ಇದ್ದ 141 ಮಹಿಳೆಯರ ಮೇಲೆ ಅಧ್ಯಯನ ಮಾಡಿತು. ತೋಳುಚೀಲ ಹಾಕಿಕೊಂಡು, ತರಬೇತಿ ಪಡೆದು, ನಿಧಾನವಾಗಿ ಭಾರ ಹೆಚ್ಚಿಸುತ್ತಾ ಹೋದವರಿಗೆ ಊತ ಹೆಚ್ಚಾಗಲಿಲ್ಲ, ತೊಂದರೆ ಉಲ್ಬಣಿಸಿದ್ದೂ ಕಮ್ಮಿ. ಮೇಡಂ ಇದನ್ನೆಲ್ಲ ಬ್ಯಾಂಡೇಜ್ ಸುತ್ತುತ್ತಾ ಹೇಳಿದರು.

"ದೋಣಿ ಎಲ್ಲಿಂದ ತರೋದು ಮೇಡಂ, ನಮ್ಮೂರ ಕೆರೆಗೇ ಎಷ್ಟೋ ವರ್ಷ ನೀರಿರಲ್ಲ" ಅಂದ್ಲು ಅಮ್ಮ.

ದೋಣಿ ಬದಲು ಅರ್ಧ ಲೀಟರ್ ನೀರಿನ ಬಾಟಲಿ ಕೈಗೆ ಬಂತು.

ಕೇಳಿಬಿಡಿ

ಈ ಶ್ರಾವಣದಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆ ಅಮ್ಮ ತನ್ನ ರವಿಕೆ ಹೊಲಿದುಕೊಂಡಳು. ಕಡು ಹಸಿರು. ಒಳಗೆ ಬಲಗಡೆ ಹತ್ತಿ ಬಟ್ಟೆಯ ಒಂದು ಜೇಬು, ಅದರೊಳಗೆ ಇಡೋಕೆ ತಾನೇ ಮಾಡಿದ ಮೆತ್ತೆ. ಬಲತೋಳು ಅರ್ಧ ಇಂಚು ಜಾಸ್ತಿ, ತೋಳುಚೀಲ ಒಳಗೆ ಕೂರೋ ಹಾಗೆ. ಮೂರು ದಿನದ ಕೆಲಸಕ್ಕೆ ಮೂರು ವಾರ ತಗೊಂಡಳು. ಸೂಜಿಗೆ ದಾರ ಇವತ್ತಿಗೂ ಅಪ್ಪನೇ ಪೋಣಿಸಿಕೊಡಬೇಕು. ಬೆರಳ ತುದಿಯ ಜೋಮು ಪೂರ್ತಿ ಹೋಗಿಲ್ಲ. ಸೆರಗು ಮಾತ್ರ ಈಗ ಎಡಭುಜದ ಮೇಲೆ ಅದರ ಜಾಗದಲ್ಲೇ ಇರುತ್ತೆ.

ಪ್ರತಿ ಭಾನುವಾರ ಅಪ್ಪ ಅಮ್ಮನ ಎರಡೂ ಕೈ ಅಳೆದು ಮಂಡಿಯ ಹಳೇ ಲೆಕ್ಕದ ಪುಸ್ತಕದಲ್ಲಿ ಬರೆದು, ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡ್ತಾರೆ. ಕೊಬ್ಬರಿ ರೇಟು ಬರೆದ ಹಾಗೇ, ಸೊನ್ನೆ ಸಮೇತ, ಕೆಳಗೆ ಸಹಿ.

ನಿಮ್ಮ ಮನೆಯಲ್ಲೂ ಯಾರಿಗಾದರೂ ಕ್ಯಾನ್ಸರ್ ಚಿಕಿತ್ಸೆ ನಡೀತಿದ್ದರೆ ನಾನು ಕೇಳದೇ ಹೋದ ಪ್ರಶ್ನೆಯನ್ನು ನೀವು ಕೇಳಿಬಿಡಿ. ಆಪರೇಷನ್‌ಗೆ ಮುಂಚೆಯೇ ಡಾಕ್ಟರನ್ನು ಕೇಳಿ, ಫಿಸಿಯೋ ಯಾವಾಗ ಶುರು, ಯಾರು ಕಲಿಸ್ತಾರೆ, ಮನೆಯಲ್ಲಿ ಯಾವ ವ್ಯಾಯಾಮ ಎಷ್ಟು ಅಂತ. ಆಪರೇಷನ್‌ಗೆ ಮುಂಚೆಯೇ ಎರಡೂ ಕೈಗಳ ಅಳತೆ ಬರೆದಿಡಿ, ಆಮೇಲೆ ಹೋಲಿಸೋಕೆ ಬೇಕಾಗುತ್ತೆ. ಮೂಳೆಗೆ ಕಾಯಿಲೆ ಹರಡಿದ್ದರೆ, ಜ್ವರ ಇದ್ದರೆ, ಪ್ಲೇಟ್‌ಲೆಟ್ ತುಂಬಾ ಕಮ್ಮಿ ಇದ್ದರೆ ಎಲ್ಲ ವ್ಯಾಯಾಮವೂ ಹೊಂದಲ್ಲ. ಅದಕ್ಕೇ ಯೂಟ್ಯೂಬ್ ನೋಡಿ ಶುರು ಮಾಡಬೇಡಿ, ಕ್ಯಾನ್ಸರ್ ರೋಗಿಗಳನ್ನು ನೋಡಿ ಅಭ್ಯಾಸ ಇರೋ ಫಿಸಿಯೋ ಹತ್ತಿರ ಹೋಗಿ. ಅಮ್ಮ, ಅತ್ತೆ, ಅಕ್ಕ ಯಾರೇ ಆಗಲಿ, ತೋರಿಸೋಕೆ ಸಂಕೋಚ ಪಡ್ತಾರೆ. ಮಹಿಳಾ ಫಿಸಿಯೋ ಇದ್ದಾರಾ ಅಂತ ಕೇಳೋದು ತಪ್ಪೇನಲ್ಲ.

ಇನ್ನೊಂದು ಮಾತು. ಅವರ ಕೈಯಿಂದ ಲೋಟ ಕಿತ್ತುಕೊಳ್ಳಬೇಡಿ. ನಡುಗುತ್ತೆ, ಸ್ವಲ್ಪ ಚೆಲ್ಲುತ್ತೆ. ಒರೆಸಿದರಾಯ್ತು.

ಮುಂದಿನ ತಿಂಗಳು ನಾನು ಈ ಮನೆ ಖಾಲಿ ಮಾಡ್ತಿದೀನಿ. ಓನರ್ ಆಂಟಿ ಮೊನ್ನೆ ನೋಡೋಕೆ ಬಂದರು. ಹಾಲಿನ ಗೋಡೆ ಮುಂದೆ ನಿಂತು, "ಏನಪ್ಪಾ ಇದು, ಇಷ್ಟೊಂದು ಗೆರೆ? ಪೇಂಟಿಂಗ್‌ಗೆ ಅಡ್ವಾನ್ಸ್‌ನಲ್ಲಿ ಹಿಡ್ಕೋತೀನಿ ನೋಡು" ಅಂದರು.

"ಹಿಡ್ಕೊಳ್ಳಿ ಆಂಟಿ" ಅಂದೆ.